ನಾಲ್ಕು ಸೆಕೆಂಡ್ ತಡ: ನನ್ನ ಮೊದಲ ಹೈ ಪವರ್ ರಾಕೆಟ್

ನನ್ನ ರಾಕೆಟ್ ಮೇಲೆ ಹೋಗುವಾಗ ಚೆನ್ನಾಗಿಯೇ ಹೋಯಿತು. ಬಿದ್ದ ಮೇಲೆ ಹೋಗಿ ನೋಡಿದರೆ ಹೊಟ್ಟೆ ಸೀಳಿಕೊಂಡಿತ್ತು. ತಪ್ಪು ಪೂರ್ತಿ ನನ್ನದೇ. ಆ ಕಥೆಗೆ ಬರುವ ಮೊದಲು ಕಟ್ಟಿದ್ದು ಹೇಗೆ ಎಂದು ಹೇಳಿಬಿಡುತ್ತೇನೆ.

ನಾನಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ಮಕ್ಕಳು ಮೈದಾನದಲ್ಲಿ ಹಾರಿಸುವ ಸಣ್ಣ ಮಾಡೆಲ್ ರಾಕೆಟ್ ಬೇರೆ, ಹೈ ಪವರ್ ಬೇರೆ. ಮೋಟರ್‌ಗಳಿಗೆ ಎ, ಬಿ, ಸಿ ಎಂದು ಅಕ್ಷರದ ಲೆಕ್ಕ. ಒಂದು ಅಕ್ಷರ ಮುಂದೆ ಹೋದರೆ ಮೋಟರ್ ಒಟ್ಟು ಕೊಡುವ ತಳ್ಳಿನ ಮಿತಿ ದುಪ್ಪಟ್ಟು. ಅದರ ಅಳತೆ ನ್ಯೂಟನ್-ಸೆಕೆಂಡ್. ಜಿ ದಾಟಿ ಎಚ್‌ಗೆ ಬಂದಿರೋ, ಅಂದರೆ 160 ನ್ಯೂಟನ್-ಸೆಕೆಂಡ್ ಮೀರಿತೋ, ಸರ್ಟಿಫಿಕೇಟ್ ಬೇಕು. ನಾನು ಸೇರಿದ್ದು ಇಲ್ಲಿನ ರಾಕೆಟ್ ಹವ್ಯಾಸಿಗಳ ಸಂಘವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಗೆ. ಅಲ್ಲಿ ಮೊದಲ ಹಂತದ ಸರ್ಟಿಫಿಕೇಟ್ ಆದ ಲೆವೆಲ್ 1ಕ್ಕೆ ಬರೆಯುವ ಪರೀಕ್ಷೆ ಇಲ್ಲ. ರಾಕೆಟ್ ನೀವೇ ಕಟ್ಟಬೇಕು, ಎಚ್ ಅಥವಾ ಐ ಮೋಟರ್ ಹಾಕಿ ಹಾರಿಸಬೇಕು. ಆಮೇಲೆ ಅದನ್ನು ಇನ್ನೊಮ್ಮೆ ಹಾರಿಸಬಹುದಾದ ಸ್ಥಿತಿಯಲ್ಲಿ ತಂದು ತೋರಿಸಬೇಕು. ಎಡವಿದ್ದು ಆ ಕೊನೆಯದರಲ್ಲೇ.

ನಾನು ತಗೊಂಡಿದ್ದು 4 ಇಂಚು ದಪ್ಪದ ಕಿಟ್. ಗಟ್ಟಿ ರಟ್ಟಿನ ಕೊಳವೆ, ಬಾಲದ ಹತ್ತಿರ ರೆಕ್ಕೆಯಂತಿರುವ ಪ್ಲೈವುಡ್ ಫಿನ್, ಮೇಲ್ತುದಿಗೆ ಚೂಪಾದ ಪ್ಲಾಸ್ಟಿಕ್ ನೋಸ್ ಕೋನ್. ಉದ್ದ ಹೆಚ್ಚುಕಡಿಮೆ ಒಂದೂವರೆ ಮೀಟರ್. ಫಿನ್‌ಗಳನ್ನು ಹೊರಗಿನಿಂದ ಸುಮ್ನೆ ಅಂಟಿಸುವುದಲ್ಲ. ಕೊಳವೆಯಲ್ಲಿ ಸೀಳು ಇರುತ್ತದೆ. ಅದರೊಳಗೆ ತೂರಿಸಿ, ಒಳಗಿನ ಮೋಟರ್ ಕೊಳವೆಗೂ ಅಂಟು ಹಾಕಬೇಕು. ಇದಕ್ಕೆ 5 ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಅಂಟು ಬೇಡ, 30 ನಿಮಿಷದ್ದೇ ತಗೊಳ್ಳಿ. ಫಿನ್ ನೆಟ್ಟಗೆ ನಿಂತಿದೆಯಾ ಎಂದು ನೋಡಿ ಸರಿಮಾಡಲು ಸಮಯ ಸಿಗುತ್ತದೆ. ಫಿನ್ ಮತ್ತು ಕೊಳವೆ ಸೇರುವ ಮೂಲೆಗೆ ಎಪಾಕ್ಸಿ ಹಾಕಿ, ಆಲ್ಕೋಹಾಲ್‌ನಲ್ಲಿ ಅದ್ದಿದ ಬೆರಳಿನಿಂದ ಒಂದು ಸಲ ಎಳೆದರೆ ನುಣ್ಣಗಾಗುತ್ತದೆ. ಕೈಗವಸು ಹಾಕಿಕೊಂಡೇ ಮಾಡಿ. ಅಂಟುವ ಜಾಗವನ್ನೆಲ್ಲ ಮೊದಲು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಒರಟು ಮಾಡಬೇಕು. ಸಂಜೆ ಹೊತ್ತು ಗ್ಯಾರೇಜಿನಲ್ಲಿ ಕೂತು ಮಾಡಿದ್ದರಿಂದ ಮೂರು ವಾರ ಹಿಡಿಯಿತು. ಬಣ್ಣದ ವಿಷಯ ಬಿಡಿ, ಅದು ಮಗಳ ಆಯ್ಕೆ. ಗುಲಾಬಿ.

ಫೋನಿನಲ್ಲಿ ಅಮ್ಮ ಕೇಳಿದರು, “ದೀಪಾವಳಿ ರಾಕೆಟ್ಟಿಗೆ ಇಷ್ಟೆಲ್ಲಾ ಬೇಕೇನೋ?” ಪ್ರಶ್ನೆ ಸರಿಯೇ. ದೀಪಾವಳಿ ರಾಕೆಟ್ಟನ್ನು ನೇರ ಹಾರಿಸಲು ಅದರ ಕಡ್ಡಿ ಮಾಡುವ ಕೆಲಸವನ್ನೇ ಇಲ್ಲಿ ಫಿನ್ ಮಾಡುವುದು. ನಮ್ಮ ಹೊಸನಗರ ತಾಲೂಕಿನ ನಗರದಲ್ಲಿ 2018ರಲ್ಲಿ ಹಳೆ ಬಾವಿಯೊಂದರಿಂದ ಸಾವಿರಕ್ಕೂ ಜಾಸ್ತಿ ಕಬ್ಬಿಣದ ರಾಕೆಟ್ ಕೊಳವೆ ಸಿಕ್ಕಿದವಲ್ಲ, ಟಿಪ್ಪು ಕಾಲದವು, ಅಂಥವಕ್ಕೂ ಬಿದಿರಿನ ಗಳು ಕಟ್ಟುತ್ತಿದ್ದರು. ನೇರ ಹಾರಬೇಕಾದರೆ ಗಾಳಿ ತಳ್ಳುವ ಬಿಂದು ಭಾರದ ಬಿಂದುವಿಗಿಂತ ಹಿಂದೆ ಇರಬೇಕು. ಕಡಿಮೆ ಅಂದರೆ ಕೊಳವೆಯ ದಪ್ಪದಷ್ಟು ಅಂತರ ಇರಲಿ ಎನ್ನುತ್ತಾರೆ. ಓಪನ್‌ರಾಕೆಟ್ ಎಂಬ ಉಚಿತ ತಂತ್ರಾಂಶ ಲೆಕ್ಕ ಹಾಕಿಕೊಡುತ್ತದೆ. ಆದರೆ ಭಾರದ ಬಿಂದುವನ್ನು ಮಾತ್ರ ರಾಕೆಟ್ಟಿಗೆ ಮೋಟರ್ ತುಂಬಿ, ಬೆರಳ ಮೇಲೆ ತೂಗಿಸಿಯೇ ನೋಡಿ. ನಾನು ಹಿಂದುಗಡೆ ಎಪಾಕ್ಸಿ ಜಾಸ್ತಿ ಬಳಿದಿದ್ದೆ. ಕಂಪ್ಯೂಟರಿಗೆ ಅದು ಗೊತ್ತಿಲ್ಲ, ಅಲ್ವಾ?

ಹಾರಿಸಿದ್ದು ಮೊಹಾವಿ ಮರುಭೂಮಿಯ ಲುಸರ್ನ್ ಡ್ರೈ ಲೇಕ್‌ನಲ್ಲಿ. ಬೇಸಿಗೆಯಲ್ಲಿ ಬತ್ತಿದ ನಮ್ಮೂರ ಕೆರೆಯಂಗಳ ನೆನಪಿಸಿಕೊಳ್ಳಿ. ಅದನ್ನು ಕಣ್ಣು ಹಾಯುವಷ್ಟು ದೂರ ಹಾಸಿ. ಅಷ್ಟೇ. ಮೋಟರ್ ಎಚ್128. ಸರಾಸರಿ ತಳ್ಳುವ ಬಲ 128 ನ್ಯೂಟನ್. ನನ್ನ ರಾಕೆಟ್ ಎಲ್ಲ ಸೇರಿ 1.7 ಕೆಜಿ, ಅಂದರೆ ಸುಮಾರು 17 ನ್ಯೂಟನ್. ಬಲ ತೂಕದ ಐದು ಪಟ್ಟಾದರೂ ಇರಬೇಕು ಎಂಬುದು ರೂಢಿ. ಇಲ್ಲಿ ಏಳೂವರೆ ಪಟ್ಟಿತ್ತು.

ಮೋಟರನ್ನು ನಾವೇ ಜೋಡಿಸಬೇಕು. ಅಲ್ಯೂಮಿನಿಯಂ ಡಬ್ಬಿ, ಅದರೊಳಗೆ ರಬ್ಬರಿನಂಥ ಇಂಧನದ ತುಂಡುಗಳು, ಗ್ರೀಸ್ ಹಚ್ಚಿದ ರಬ್ಬರ್ ಉಂಗುರಗಳು. ಮೇಲ್ತುದಿಯಲ್ಲಿ ನಿಧಾನ ಉರಿಯುವ ಡಿಲೇ. ಇಂಧನ ಮುಗಿದ ಮೇಲೂ ರಾಕೆಟ್ ನಿಧಾನವಾಗುತ್ತ ಮೇಲೇರುತ್ತಿರುತ್ತದೆ. ತುದಿ ಮುಟ್ಟುವ ಹೊತ್ತಿಗೆ ಡಿಲೇ ಉರಿದು ಮುಗಿದು, ಚಿಟಿಕೆ ಕರಿಮದ್ದು ಸಿಡಿದು, ಪ್ಯಾರಾಚೂಟ್ ಹೊರಬರಬೇಕು. ನನ್ನ ಡಿಲೇ 14 ಸೆಕೆಂಡಿನದು. ಲೆಕ್ಕದ ಪ್ರಕಾರ ಬೇಕಿದ್ದದ್ದು 8. ಡಿಲೇಯನ್ನು ಕೊರೆದಷ್ಟೂ ಅದರ ಸಮಯ ಕಡಿಮೆಯಾಗುತ್ತದೆ. ಕೊರೆಯುವ ಉಪಕರಣದಲ್ಲಿ ಎಷ್ಟು ಸೆಕೆಂಡ್ ಕಳೆಯಬೇಕು ಎಂದು 2, 4, 6, 8ರ ಗುರುತು ಇರುತ್ತದೆ. 6ಕ್ಕೆ ಇಟ್ಟು ಕೊರೆಯಬೇಕಿತ್ತು. ಜೊತೆಗೆ ಬಂದಿದ್ದ ಗೆಳೆಯನೊಂದಿಗೆ ಹರಟುತ್ತ 2ಕ್ಕೇ ಇಟ್ಟು ಕೊರೆದೆ.

ಪ್ಯಾರಾಚೂಟ್ ಸುಡದಂತೆ ಕೆಳಗೆ ಬೆಂಕಿ ಹಿಡಿಯದ ಹಾಗೆ ಮಾಡಿದ ಕಾಗದದ ಚೂರು ತುಂಬುತ್ತಾರೆ. ಇಲ್ಲಿನವರು ಅದಕ್ಕಿಟ್ಟ ಹೆಸರು ‘ಡಾಗ್ ಬಾರ್ಫ್’, ನಾಯಿ ವಾಂತಿ. ನೋಡಿದರೆ ಹಾಗೇ ಕಾಣುತ್ತದೆ.

ಸುರಕ್ಷತೆ ನೋಡಿಕೊಳ್ಳುವ ಹಿರಿಯರು ಫಿನ್ ಅಲ್ಲಾಡಿಸಿ, ಪ್ಯಾರಾಚೂಟನ್ನು ರಾಕೆಟ್ಟಿಗೆ ಕಟ್ಟಿದ ಹಗ್ಗ ಎಳೆದು, ಒಪ್ಪಿಗೆ ಕೊಟ್ಟರು. ಒಳಗಿನ ಡಿಲೇ ಅವರಿಗೆ ಕಾಣುವಂತಿರಲಿಲ್ಲ. ಮೋಟರಿಗೆ ಬೆಂಕಿ ಹೊತ್ತಿಸುವ ಇಗ್ನೈಟರ್ ತೂರಿಸುವುದು ರಾಕೆಟ್ಟನ್ನು ಹಾರಿಸುವ ಹಳಿಗೆ ಏರಿಸಿ ಮೇಲಕ್ಕೆ ನಿಲ್ಲಿಸಿದ ಮೇಲೆಯೇ. ನಂತರ 100 ಅಡಿಗೂ ಹಿಂದೆ ಬಂದು ನಿಂತೆವು. ಐದರಿಂದ ಇಳಿ ಎಣಿಕೆ. ಬಿಳಿ ಬೆಂಕಿ, ಎದೆಗೆ ಬಡಿಯುವ ಸದ್ದು, ಆಮೇಲೆ ಒಂದು ಚುಕ್ಕೆ.

ಚುಕ್ಕೆ ಮೇಲೆ ನಿಂತಿತು. ತಲೆಕೆಳಗಾಯಿತು. ಪ್ಯಾರಾಚೂಟ್ ಇಲ್ಲ. ಗೆಳೆಯ “ಹೋಯ್ತಲ್ಲೋ ಮಾರಾಯ” ಅಂದ. ನಾಲ್ಕು ಸೆಕೆಂಡ್ ಎಷ್ಟು ಉದ್ದ ಎಂದು ಅವತ್ತು ಗೊತ್ತಾಯಿತು. ಕೊನೆಗೆ ಪಟ್ ಅಂತ ಬಿಚ್ಚಿಕೊಂಡಿತು. ಆದರೆ ಅಷ್ಟರಲ್ಲಿ ವೇಗ ಜಾಸ್ತಿಯಾಗಿತ್ತು. ಗಟ್ಟಿ ನಾರಿನ ಆ ಕೆವ್ಲಾರ್ ಹಗ್ಗ ಜಗ್ಗಿ, ರಟ್ಟಿನ ಕೊಳವೆಯ ಅಂಚನ್ನು ದಾರ ಬೆಣ್ಣೆ ಕುಯ್ದಂತೆ 4 ಇಂಚು ಸೀಳಿತ್ತು. ಇದಕ್ಕೆ ‘ಜಿಪ್ಪರ್’ ಎನ್ನುತ್ತಾರೆ. ಹಿರಿಯರು ಸೀಳಿನ ಮೇಲೆ ಬೆರಳಾಡಿಸಿ ತಲೆ ಅಲ್ಲಾಡಿಸಿದರು. ಸರ್ಟಿಫಿಕೇಟ್ ಇಲ್ಲ.

ರಿಪೇರಿ ಕಷ್ಟವಾಗಲಿಲ್ಲ. ಸೀಳಿನ ಕೆಳಗೆ ನೇರವಾಗಿ ಕತ್ತರಿಸಿ, ಒಳಗೆ ಜೋಡುಕೊಳವೆ ಅಂಟಿಸಿ, ಮೇಲೆ ಹೊಸ ತುಂಡು ಕೂರಿಸಿದೆ. 3 ಮೀಟರ್ ಇದ್ದ ಹಗ್ಗವನ್ನು 6 ಮೀಟರ್ ಮಾಡಿದೆ. ಅಂಚಿಗೆ ತಾಗುವ ಕಡೆ ಹಗ್ಗಕ್ಕೆ ದಪ್ಪಗೆ ಟೇಪ್ ಸುತ್ತಿದೆ. ಮುಂದಿನ ತಿಂಗಳು ಅದೇ ಜಾಗ, ಅದೇ ಮೋಟರ್. ಡಿಲೇ ಕೊರೆಯುವಾಗ ಗೆಳೆಯನನ್ನು ಕಾಫಿಗೆ ಕಳಿಸಿದ್ದೆ. ಈ ಸಲ ತುದಿಯಲ್ಲೇ ಪ್ಯಾರಾಚೂಟ್ ಅರಳಿತು. ಗಾಳಿಗೆ ತೇಲಿ ದೂರ ಇಳಿಯಿತು, ಹತ್ತು ನಿಮಿಷ ನಡೆದು ಹೋಗಿ ತಂದೆ. ಒಂದು ಫಿನ್ನಿನ ತುದಿಯ ಗುಲಾಬಿ ಬಣ್ಣ ಕೆತ್ತಿತ್ತು. ಅಷ್ಟಕ್ಕೇನೂ ತೊಂದರೆಯಿಲ್ಲ ಎಂದು ಸಹಿ ಹಾಕಿದರು.

ಮನೆಗೆ ಬಂದು ಮೋಟರ್ ಡಬ್ಬಿಯ ಮಸಿಯನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯುತ್ತಿದ್ದೆ. “ರೀ, ಅದನ್ನ ಹೊರಗಡೆ ನಲ್ಲಿ ಹತ್ರ ತಗೊಂಡು ಹೋಗಿ” ಎಂದಳು ಹೆಂಡತಿ.