ಕೋವಿ ಅಂಗಡಿಯೋ, ಆನ್‌ಲೈನೋ? ಅಮೆರಿಕದಲ್ಲಿ ಬಂದೂಕು ಕೊಳ್ಳುವವರ ಲೆಕ್ಕಾಚಾರ

ಅಮೆರಿಕದಲ್ಲಿ ಬಂದೂಕನ್ನು ಆನ್‌ಲೈನ್‌ನಲ್ಲಿ ಕೊಂಡರೆ ಪೆಟ್ಟಿಗೆ ಮನೆ ಬಾಗಿಲಿಗೆ ಬರುವುದಿಲ್ಲ. ಆನ್‌ಲೈನ್‌ನಲ್ಲಿ ಆಗುವುದು ದುಡ್ಡು ಕಟ್ಟುವ ಕೆಲಸ ಮಾತ್ರ. ಬಂದೂಕು ಬಂದಿಳಿಯುವುದು ನಿಮ್ಮ ರಾಜ್ಯದ, ಫೆಡರಲ್ ಪರವಾನಗಿ ಇರುವ ಒಬ್ಬ ವ್ಯಾಪಾರಿಯ ಅಂಗಡಿಗೆ. ನೀವು ಅಲ್ಲಿಗೆ ಹೋಗಿ ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ, ವರ್ಗಾವಣೆ ಶುಲ್ಕ ಕೊಟ್ಟು ಬಿಡಿಸಿಕೊಳ್ಳಬೇಕು. ಹಾಗಾಗಿ ಎರಡು ದಾರಿಯೂ ಕೊನೆಗೆ ಅದೇ ಕೌಂಟರಿಗೆ ಬಂದು ಸೇರುತ್ತವೆ. ವೆಬ್‌ಸೈಟಿನಲ್ಲಿ ಕಂಡ ಬೆಲೆಯನ್ನೂ ಅಂಗಡಿಯ ಚೀಟಿಯ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡುವವರು ತಪ್ಪು ಮಾಡುವುದು ಇಲ್ಲೇ.

ಮೊದಲು ಹೀಗಿರಲಿಲ್ಲ. 1963ರ ಮಾರ್ಚ್‌ನಲ್ಲಿ ಲೀ ಹಾರ್ವಿ ಆಸ್ವಾಲ್ಡ್ ಪತ್ರಿಕೆಯೊಂದರ ಕೂಪನ್ ಕತ್ತರಿಸಿ, ಸುಳ್ಳು ಹೆಸರು ಬರೆದು, ಶಿಕಾಗೊದ ಅಂಗಡಿಯೊಂದರಿಂದ 21 ಡಾಲರ್ 45 ಸೆಂಟ್‌ಗೆ ದೂರದರ್ಶಕ ಸಮೇತ ರೈಫಲ್ ತರಿಸಿಕೊಂಡಿದ್ದ. ಅದು ಡಲ್ಲಾಸ್‌ನ ಅಂಚೆ ಪೆಟ್ಟಿಗೆಗೆ ಬಂದಿತ್ತು. ಆ ವರ್ಷದ ನವೆಂಬರ್‌ನಲ್ಲಿ ಅಧ್ಯಕ್ಷ ಕೆನಡಿಯ ಹತ್ಯೆಯಾದದ್ದು ಅದೇ ರೈಫಲಿನಿಂದ. 1968ರ ಗನ್ ಕಂಟ್ರೋಲ್ ಕಾಯ್ದೆ ರಾಜ್ಯದ ಗಡಿ ದಾಟಿ ಬಂದೂಕನ್ನು ನೇರವಾಗಿ ಗಿರಾಕಿಯ ಮನೆಗೆ ಕಳಿಸುವ ಬಾಗಿಲನ್ನು ಮುಚ್ಚಿತು. ಇವತ್ತಿನ ಆನ್‌ಲೈನ್ ವ್ಯಾಪಾರ ನಡೆಯುವುದು ಆ ಕಾಯ್ದೆಯ ಚೌಕಟ್ಟಿನೊಳಗೇ.

ಮೊದಲ ಪ್ರಶ್ನೆ: ನಿಮಗೆ ಕೊಳ್ಳುವ ಹಕ್ಕಿದೆಯೇ?

ಬೆಲೆಯ ಮಾತು ಆಮೇಲೆ. ಎಚ್-1ಬಿ, ಎಲ್-1, ಎಫ್-1ನಂಥ ತಾತ್ಕಾಲಿಕ ವೀಸಾದಲ್ಲಿ ಇರುವವರಿಗೆ ಫೆಡರಲ್ ಕಾನೂನಿನ ಪ್ರಕಾರ ಬಂದೂಕು ಮತ್ತು ಗುಂಡು ಎರಡೂ ನಿಷಿದ್ಧ. ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇದೆ, ಕಂಪನಿ ಹಾಕುವ ಐ-140 ಅರ್ಜಿ ಒಪ್ಪಿಗೆಯಾಗಿದೆ ಎಂದ ಮಾತ್ರಕ್ಕೆ ಇದು ಬದಲಾಗದು. ವಿನಾಯಿತಿಗಳಿವೆ, ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ವಾರಾಂತ್ಯಕ್ಕೆ ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿಯುವುದಕ್ಕೂ ಇದೇ ನಿಯಮ. ಸಾಫ್ಟ್‌ವೇರ್ ಕೆಲಸದ ಎಷ್ಟೋ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ಸಿಕ್ಕಿಬಿದ್ದರೆ ದಂಡ ಕಟ್ಟಿ ಮುಗಿಯುವುದಿಲ್ಲ, ವೀಸಾಕ್ಕೇ ಕುತ್ತು.

ಗ್ರೀನ್ ಕಾರ್ಡ್ ಇರುವವರೂ ಪೌರರೂ ಕೊಳ್ಳಬಹುದು. ವ್ಯಾಪಾರಿಯಿಂದ ಕೊಳ್ಳಲು ಫೆಡರಲ್ ವಯೋಮಿತಿ ರೈಫಲ್, ಶಾಟ್‌ಗನ್‌ಗೆ 18, ಪಿಸ್ತೂಲಿಗೆ 21. ಇದರ ಮೇಲೆ ರಾಜ್ಯದ ನಿಯಮಗಳು ಬೇರೆ: ಇಲಿನಾಯ್‌ನಲ್ಲಿ ಫಾಯ್ಡ್ ಕಾರ್ಡ್ ಎಂಬ ಬಂದೂಕುದಾರರ ಗುರುತಿನ ಚೀಟಿ, ನ್ಯೂಜೆರ್ಸಿಯಲ್ಲಿ ಒಂದೊಂದು ಪಿಸ್ತೂಲಿಗೂ ಪ್ರತ್ಯೇಕ ಅನುಮತಿ ಪತ್ರ, ಕ್ಯಾಲಿಫೋರ್ನಿಯಾದಲ್ಲಿ 25 ಡಾಲರಿನ ಸುರಕ್ಷತಾ ಪರೀಕ್ಷೆ ಮತ್ತು 10 ದಿನದ ಕಾಯುವಿಕೆ. ಇವುಗಳನ್ನು ಕೈಯಲ್ಲಿ ಇಟ್ಟುಕೊಳ್ಳದೆ ಆರ್ಡರ್ ಒತ್ತಬೇಡಿ. ಅಂದಹಾಗೆ, ಕೊಡಗಿನ ಜಮ್ಮಾ ವಿನಾಯಿತಿಯಲ್ಲಿ ಲೈಸೆನ್ಸ್ ಇಲ್ಲದೆಯೇ ಮನೆಯಲ್ಲಿ ಕೋವಿ ಇಟ್ಟುಕೊಂಡು ಬೆಳೆದವರಿಗೂ ಇಲ್ಲಿ ಅದು ಲೆಕ್ಕಕ್ಕಿಲ್ಲ.

ಬೆಲೆ ಕೂಡಿಸುವ ಕ್ರಮ

ಒಂದು ಹಾಳೆಯಲ್ಲಿ ಐದು ಸಾಲು ಬರೆದುಕೊಳ್ಳಿ: ಬಂದೂಕಿನ ಬೆಲೆ, ಸಾಗಣೆ ಮತ್ತು ವಿಮೆ, ಮಾರಾಟ ತೆರಿಗೆ, ಕಾರ್ಡ್ ಬಳಸಿದ್ದಕ್ಕೆ ಹಾಕುವ ಹೆಚ್ಚುವರಿ (ಬಹಳ ಕಡೆ ಶೇ 3), ಸ್ಥಳೀಯ ವರ್ಗಾವಣೆ ಶುಲ್ಕ. ಈ ಕೊನೆಯ ಶುಲ್ಕ ಸಾಮಾನ್ಯವಾಗಿ 20ರಿಂದ 75 ಡಾಲರ್ ನಡುವೆ ಇರುತ್ತದೆ. ದೊಡ್ಡ ನಗರಗಳಲ್ಲಿ, ನಿಯಮ ಬಿಗಿಯಾಗಿರುವ ರಾಜ್ಯಗಳಲ್ಲಿ ಅದಕ್ಕೂ ಹೆಚ್ಚು. ರಾಜ್ಯದ ತಪಾಸಣೆ ಶುಲ್ಕವಿದ್ದರೆ ಅದು ಎರಡೂ ದಾರಿಯಲ್ಲೂ ಬರುವುದರಿಂದ ಹೋಲಿಕೆಯಿಂದ ಬಿಟ್ಟುಬಿಡಬಹುದು.

ಒಂದು ಉದಾಹರಣೆ ನೋಡೋಣ. ಆನ್‌ಲೈನ್‌ನಲ್ಲಿ 489 ಡಾಲರಿಗೆ ಸಿಗುವ ಪಿಸ್ತೂಲು ಊರಿನ ಅಂಗಡಿಯಲ್ಲಿ 549. ಅರವತ್ತು ಡಾಲರ್ ಉಳಿತಾಯ ಎಂದು ಕಣ್ಣಿಗೆ ಕಾಣುತ್ತದೆ. ಈಗ ಕೂಡಿಸಿ. ಸಾಗಣೆ 20, ಶೇ 8ರ ತೆರಿಗೆ 39.12, ಮೊತ್ತ 548.12. ಕಾರ್ಡಿನ ಶೇ 3 ಸೇರಿದರೆ 564.56. ವರ್ಗಾವಣೆಗೆ 40 ಕೊಟ್ಟಾಗ 604.56. ಅಂಗಡಿಯಲ್ಲಿ ನಗದು ಕೊಟ್ಟರೆ 549ಕ್ಕೆ ತೆರಿಗೆ 43.92 ಸೇರಿ 592.92, ಅಷ್ಟೇ. ಅಗ್ಗದ್ದು ಎಂದುಕೊಂಡ ದಾರಿಯೇ ಹನ್ನೆರಡು ಡಾಲರಿನಷ್ಟು ದುಬಾರಿ. ಆನ್‌ಲೈನ್‌ನಲ್ಲಿ ತೆರಿಗೆ ಇರುವುದಿಲ್ಲ ಎಂಬ ಹಳೆಯ ಲೆಕ್ಕವನ್ನು ಇನ್ನೂ ಹೇಳುವವರಿದ್ದಾರೆ. ಅಮೆರಿಕದ ಸುಪ್ರೀಂ ಕೋರ್ಟಿನ 2018ರ ವೇಫೇರ್ ತೀರ್ಪಿನ ನಂತರ ದೊಡ್ಡ ಮಾರಾಟಗಾರರೆಲ್ಲ ಕೊಳ್ಳುವವರ ರಾಜ್ಯದ ತೆರಿಗೆ ಹಿಡಿಯುತ್ತಾರೆ.

ಬೆಲೆ ಏರಿದಂತೆ ಲೆಕ್ಕ ತಿರುಗುತ್ತದೆ. ಆನ್‌ಲೈನ್‌ನಲ್ಲಿ ಸಾಗಣೆ ಉಚಿತವಾಗಿ 1,800, ಅಂಗಡಿಯಲ್ಲಿ 2,050 ಇರುವ ಶಾಟ್‌ಗನ್ ತೆಗೆದುಕೊಳ್ಳಿ. ಮೊದಲನೆಯದು ತೆರಿಗೆ, ಕಾರ್ಡು, ವರ್ಗಾವಣೆ ಎಲ್ಲ ಸೇರಿ 2,042.32, ಎರಡನೆಯದು 2,214. ನೂರ ಎಪ್ಪತ್ತು ಡಾಲರ್ ಸಣ್ಣ ಮೊತ್ತವಲ್ಲ. ಒಟ್ಟಿನಲ್ಲಿ ಆರುನೂರು ಡಾಲರಿನೊಳಗಿನ ಸಾಮಾನ್ಯ ಮಾದರಿಗಳಿಗೆ ಆನ್‌ಲೈನ್ ಲಾಭ ಕರಗಿಹೋಗುತ್ತದೆ. ದುಬಾರಿ, ಅಪರೂಪದ, ಉತ್ಪಾದನೆ ನಿಂತ ಮಾದರಿಗಳಿಗೆ ಉಳಿಯುತ್ತದೆ.

ಆರ್ಡರ್ ಮಾಡುವ ಮುನ್ನ ಅಂಗಡಿಯವನನ್ನು ಕೇಳಿ

ಹೊಸ ಬಂದೂಕಿನಲ್ಲಿ ಸಣ್ಣ ಅಂಗಡಿಗೆ ಸಿಗುವ ಲಾಭ ಬಹಳ ತೆಳು. ಅವರ ಹೊಟ್ಟೆ ತುಂಬುವುದು ಹಳೆಯ ಬಂದೂಕು, ಬಿಡಿಭಾಗ, ರಿಪೇರಿ, ವರ್ಗಾವಣೆಗಳಿಂದ. ಇನ್ನೊಂದು ಸಂಗತಿ, ಎಷ್ಟೋ ವೆಬ್‌ಸೈಟ್‌ಗಳಿಗೆ ಸ್ವಂತ ಗೋದಾಮೇ ಇಲ್ಲ. ಲಿಪ್ಸೀಸ್, ಆರ್‌ಎಸ್‌ಆರ್‌ನಂಥ ಸಗಟು ವಿತರಕರಿಂದ ನೇರ ಕಳಿಸುತ್ತವೆ. ನಿಮ್ಮ ಬೀದಿಯ ಅಂಗಡಿಯವನೂ ಅದೇ ವಿತರಕರ ಬಳಿ ಖಾತೆ ಇಟ್ಟಿರುವುದು ಮಾಮೂಲು. ಆದ್ದರಿಂದ ಮಾದರಿಯ ಹೆಸರು, ತಯಾರಕರ ಭಾಗ ಸಂಖ್ಯೆ, ನೀವು ಹಾಕಿದ ಅಂತಿಮ ಮೊತ್ತ ಬರೆದುಕೊಂಡು ಹೋಗಿ, 'ಇಷ್ಟಕ್ಕೆ ತರಿಸಿಕೊಡಲು ಆಗುತ್ತದೆಯೇ' ಎಂದು ನೇರವಾಗಿ ಕೇಳಿ. ವೆಬ್‌ಸೈಟಿನ ಬೆಲೆಯನ್ನಲ್ಲ, ಅಂತಿಮ ಮೊತ್ತವನ್ನೇ ತೋರಿಸಬೇಕು. 489ಕ್ಕೆ ಕೊಡಿ ಎಂದರೆ ಅವನು ನಗುತ್ತಾನೆ, ತೆರಿಗೆಯೂ ಸೇರಿ 560ರ ಸುತ್ತ ಮಾತು ಶುರುವಾಗುತ್ತದೆ.

ಮೊದಲ ಬಾರಿ ಕೊಳ್ಳುವವರು ಮೂವತ್ತು-ನಲವತ್ತು ಡಾಲರ್ ಹೆಚ್ಚಾದರೂ ಅಂಗಡಿಯಲ್ಲೇ ಕೊಳ್ಳಿ ಎಂಬುದು ನಮ್ಮ ಸಲಹೆ. ಹಿಡಿ ಕೈಗೆ ಕೂರುತ್ತದೆಯೇ, ಹೆಬ್ಬೆರಳು ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಬಿಡಿಸುವ ಬಟನನ್ನು ಹಿಡಿತ ಬದಲಿಸದೆ ಮುಟ್ಟುತ್ತದೆಯೇ, ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಎಳೆಯುವ ಬಲ ಇದೆಯೇ, ಶಾಟ್‌ಗನ್ನಿನ ಹಿಂಬದಿ (ಸ್ಟಾಕ್) ಭುಜಕ್ಕೆ ಇಟ್ಟಾಗ ಉದ್ದವಾಯಿತೇ, ಇವು ಚಿತ್ರ ನೋಡಿ ತಿಳಿಯುವಂಥವಲ್ಲ. ಎಡಗೈಯವರಿಗಂತೂ ಮುಟ್ಟಿ ನೋಡದೆ ಗತಿಯಿಲ್ಲ. ರಾಜ್ಯಕ್ಕೆ ತಕ್ಕ ಮಾದರಿಯ ಪ್ರಶ್ನೆಯೂ ಇದೆ: ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿ 10 ಗುಂಡಿಗಿಂತ ದೊಡ್ಡ ಮ್ಯಾಗಜೀನ್ ಕೊಡುವಂತಿಲ್ಲ, ಕ್ಯಾಲಿಫೋರ್ನಿಯಾದ ವ್ಯಾಪಾರಿ ಹೊಸ ಪಿಸ್ತೂಲು ಮಾರಲು ಅದು ರಾಜ್ಯದ ಪಟ್ಟಿಯಲ್ಲಿರಬೇಕು. ಅಂಗಡಿಯವನು ಇದನ್ನು ನೋಡಿಯೇ ತರಿಸಿರುತ್ತಾನೆ. ಬೇರೆ ರಾಜ್ಯದ ವೆಬ್‌ಸೈಟು ನೋಡದೆ ಕಳಿಸಿದರೆ ವ್ಯಾಪಾರಿ ವರ್ಗಾಯಿಸಲಾರ, ಪೆಟ್ಟಿಗೆ ಬಂದ ದಾರಿಯಲ್ಲೇ ವಾಪಸು.

ಹಾಗೆಂದು ಊರಿನ ಅಂಗಡಿ ಎಂದಾಕ್ಷಣ ಕೈಮುಗಿಯಬೇಕಿಲ್ಲ. ಗಿರಾಕಿಯ ಬಣ್ಣ, ಉಚ್ಚಾರ ನೋಡಿ ಮಾತಾಡುವವರು, ಅಭಾವ ಬಂದಾಗ ಗುಂಡಿನ ಬೆಲೆಯನ್ನು ಎರಡರಷ್ಟು ಮಾಡುವವರು ಎಲ್ಲ ಕಡೆ ಇದ್ದಾರೆ. ಅಂಥವರಿಗೆ ನಿಷ್ಠೆ ಯಾಕೆ? ಆದರೆ ಒಂದು ಗಂಟೆ ಅಂಗಡಿಯಲ್ಲಿ ಹತ್ತು ಪಿಸ್ತೂಲು ಇಳಿಸಿ ನೋಡಿ, ಅದನ್ನೇ ಆನ್‌ಲೈನ್‌ನಲ್ಲಿ ತರಿಸಿ, ವರ್ಗಾವಣೆಗೆ ಅದೇ ಕೌಂಟರಿಗೆ ಬರುವುದು ಚೆನ್ನಾಗಿರುವುದಿಲ್ಲ. ಮುಂದಿನ ಸಲ ಮೊದಲಿನ ವಿಶ್ವಾಸ ನಿರೀಕ್ಷಿಸಬೇಡಿ.

ಆನ್‌ಲೈನೇ ಆದರೆ, ಈ ಅನುಕ್ರಮ

ಮೊದಲು ಬಂದೂಕು ಸ್ವೀಕರಿಸುವ ವ್ಯಾಪಾರಿಯನ್ನು ಗೊತ್ತುಮಾಡಿಕೊಳ್ಳಿ, ಆರ್ಡರ್ ಆಮೇಲೆ. ಫೋನ್ ಮಾಡಿ ನಾಲ್ಕು ಕೇಳಿ: ಹೊರಗಿನ ವರ್ಗಾವಣೆ ಒಪ್ಪುತ್ತೀರಾ, ಶುಲ್ಕ ಎಷ್ಟು, ಪರವಾನಗಿ ಇಲ್ಲದ ಖಾಸಗಿ ವ್ಯಕ್ತಿ ಕಳಿಸಿದರೂ ತೆಗೆದುಕೊಳ್ಳುತ್ತೀರಾ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಆನ್‌ಲೈನ್ ಹರಾಜಿನಲ್ಲಿ ಖಾಸಗಿಯವರಿಂದ ಕೊಳ್ಳುವವರಿಗೆ ಮೂರನೆಯದು ಮುಖ್ಯ, ಹಲವು ಅಂಗಡಿಗಳು ಅದನ್ನು ಒಪ್ಪುವುದಿಲ್ಲ. ಬಂದು ತಿಂಗಳಾದರೂ ಬಿಡಿಸಿಕೊಳ್ಳದಿದ್ದರೆ ಕೆಲವರು ದಿನದ ಬಾಡಿಗೆ ಹಾಕುತ್ತಾರೆ.

ಆರ್ಡರಿನಲ್ಲಿ ಬಿಲ್ಲಿನ ವಿಳಾಸ ನಿಮ್ಮದು, ಸಾಗಣೆ ವಿಳಾಸ ವ್ಯಾಪಾರಿಯದು. ಎರಡಕ್ಕೂ ಮನೆ ವಿಳಾಸ ಕೊಟ್ಟರೆ ಆರ್ಡರ್ ತಡೆಹಿಡಿಯಲಾಗುತ್ತದೆ. ವ್ಯಾಪಾರಿ ತನ್ನ ಪರವಾನಗಿಯ ಪ್ರತಿಯನ್ನು ಮಾರಾಟಗಾರನಿಗೆ ಕಳಿಸಬೇಕು. ದೊಡ್ಡ ವೆಬ್‌ಸೈಟ್‌ಗಳ ಕಡತದಲ್ಲಿ ಅದು ಮೊದಲೇ ಇರುತ್ತದೆ. ಪೆಟ್ಟಿಗೆಯೊಳಗೆ ನಿಮ್ಮ ಹೆಸರು, ಫೋನ್ ಸಂಖ್ಯೆ ಇರುವ ಬಿಲ್ಲು ಇರಲಿ ಎಂದು ಮಾರಾಟಗಾರನಿಗೆ ಬರೆಯಿರಿ. ಅದಿಲ್ಲದ ಪೆಟ್ಟಿಗೆ ಯಾರದೆಂದು ತಿಳಿಯದೆ ಅಂಗಡಿಯ ಮೂಲೆಯಲ್ಲಿ ವಾರಗಟ್ಟಲೆ ಬಿದ್ದಿರುತ್ತದೆ.

ಮೋಸದ ವೆಬ್‌ಸೈಟನ್ನು ಗುರುತಿಸುವುದು ಕಷ್ಟವಲ್ಲ. ಎಲ್ಲೂ ಇಲ್ಲದಷ್ಟು ಕಡಿಮೆ ಬೆಲೆ, ಹಣ ಕಳಿಸುವ ಸೇವೆಯಾದ ಝೆಲ್ ಅಥವಾ ಕ್ರಿಪ್ಟೊದಲ್ಲಷ್ಟೇ ಪಾವತಿ, ವ್ಯಾಪಾರಿಯ ಪರವಾನಗಿಯನ್ನು ಕೇಳದೇ ಇರುವುದು. 'ಮನೆಗೇ ಕಳಿಸುತ್ತೇವೆ' ಎಂದರೆ ಅಲ್ಲಿಗೆ ಮಾತು ಮುಗಿಯಿತು.

ಸಹಿಗೆ ಮೊದಲು ಪೆಟ್ಟಿಗೆ ತೆರೆಯಿರಿ

ಇಡೀ ಪ್ರಕ್ರಿಯೆಯಲ್ಲಿ ಜನ ಹೆಚ್ಚು ಕಳೆದುಕೊಳ್ಳುವ ಜಾಗ ಇದು. ಬಂದೂಕು ಕೊಳ್ಳುವವರು ತುಂಬಬೇಕಾದ ಫೆಡರಲ್ 4473 ಫಾರಂ ತುಂಬಿ ಬಂದೂಕು ನಿಮ್ಮ ಹೆಸರಿಗೆ ಬಂದ ಕ್ಷಣದಿಂದ ಅದು ಹಳೆಯ ಮಾಲು. ಬಹುತೇಕ ಮಾರಾಟಗಾರರು ಆಮೇಲೆ ವಾಪಸು ಪಡೆಯುವುದಿಲ್ಲ, ತಯಾರಕರ ವಾರಂಟಿಯೊಂದೇ ಗತಿ. ಹರಾಜಿನ ಮಾಲಿಗೆ ಕೊಡುವ ಪರಿಶೀಲನೆಯ ಅವಕಾಶವೂ ಅಲ್ಲಿಗೇ ಕೊನೆ.

ಆದ್ದರಿಂದ ಫಾರಂ ಮುಟ್ಟುವ ಮೊದಲು ವ್ಯಾಪಾರಿಯ ಎದುರೇ ನೋಡಿ. ಗುಂಡು ಕೂರುವ ಚೇಂಬರ್ ಖಾಲಿ ಇದೆ ಎಂದು ಇಬ್ಬರೂ ಖಚಿತಪಡಿಸಿಕೊಳ್ಳಿ. ಪೆಟ್ಟಿಗೆಯ ಚೀಟಿಯ ಸರಣಿ ಸಂಖ್ಯೆ ಫ್ರೇಮಿನ, ಅಂದರೆ ಬಂದೂಕಿನ ಮೂಲ ಚೌಕಟ್ಟಿನ ಮೇಲಿನ ಸಂಖ್ಯೆಗೆ ಹೊಂದಬೇಕು. ಮ್ಯಾಗಜೀನುಗಳ ಎಣಿಕೆ, ನಳಿಗೆಯೊಳಗೆ ಬೆಳಕು ಬಿಟ್ಟು ತುಕ್ಕು ಅಥವಾ ಗುಳಿ, ಹಿಂದಿನ-ಮುಂದಿನ ಗುರಿಕಾಣಿ ನೇರ ಇದೆಯೇ, ಖಾಲಿ ಮ್ಯಾಗಜೀನಿಗೆ ಸ್ಲೈಡ್ ಹಿಂದೆ ನಿಲ್ಲುತ್ತದೆಯೇ, ಎಲ್ಲ ನೋಡಿ. ಹಳೆಯ ಬಂದೂಕಾದರೆ ತಿರುಪುಗಳ ತಲೆ ಕಿತ್ತುಹೋಗಿದ್ದರೆ ಯಾರೋ ಬಿಚ್ಚಿ ಆಟವಾಡಿದ್ದಾರೆ ಎಂದೇ ಅರ್ಥ. ಮರದ ಸ್ಟಾಕಿನಲ್ಲಿ ಹಿಡಿಯ ಕುತ್ತಿಗೆ ಭಾಗದ ಕೂದಲೆಳೆ ಬಿರುಕು ಫೋಟೊದಲ್ಲಿ ಕಾಣುವುದಿಲ್ಲ, ಉಗುರಿಗೆ ಸಿಗುತ್ತದೆ. ರಿವಾಲ್ವರ್ ಆದರೆ ಹ್ಯಾಮರನ್ನು ಪೂರ್ತಿ ಹಿಂದಕ್ಕೆ ಎಳೆದಾಗ ಸಿಲಿಂಡರ್ ಪ್ರತಿ ಕೋಣೆಯಲ್ಲೂ ಗಟ್ಟಿಯಾಗಿ ಕೂರಬೇಕು. ದೋಷ ಕಂಡರೆ ಸಹಿ ಹಾಕದೆ ಫೋಟೊ ತೆಗೆದು ಮಾರಾಟಗಾರನಿಗೆ ಬರೆಯಿರಿ; ಬಂದೂಕು ವ್ಯಾಪಾರಿಯಿಂದ ವ್ಯಾಪಾರಿಗೇ ಹಿಂದೆ ಹೋಗುತ್ತದೆ.

4473 ಮತ್ತು ನಮ್ಮ ಹೆಸರುಗಳು

ಈಗಿನ ವಾಸದ ವಿಳಾಸವಿರುವ ಸರ್ಕಾರಿ ಫೋಟೊ ಗುರುತು ಬೇಕು. ಮನೆ ಬದಲಿಸಿ ಲೈಸೆನ್ಸ್ ಬದಲಿಸದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಹೊಸ ವಿಳಾಸವಿರುವ ವಾಹನ ನೋಂದಣಿಯಂಥ ಇನ್ನೊಂದು ಸರ್ಕಾರಿ ದಾಖಲೆ ತನ್ನಿ. ಗ್ರೀನ್ ಕಾರ್ಡಿನವರು ಕಾರ್ಡನ್ನೂ ತನ್ನಿ, ಅದರ ಮೇಲಿನ ಸಂಖ್ಯೆಯನ್ನು ಬರೆಯಬೇಕಾಗುತ್ತದೆ.

ಅಪ್ಪನ ಹೆಸರೋ ಊರಿನ ಹೆಸರೋ ಇನಿಷಿಯಲ್ ಆಗಿ ಉಳಿದ ಕನ್ನಡಿಗರು ಫಾರಂನ ಮಧ್ಯದ ಹೆಸರಿನ ಅಂಕಣದಲ್ಲಿ ಗೊಂದಲಕ್ಕೆ ಬೀಳುತ್ತಾರೆ. ನಿಯಮ ಸರಳ: ಮಧ್ಯದ ಹೆಸರು ಕಾನೂನುಬದ್ಧವಾಗಿ ಒಂದೇ ಅಕ್ಷರವಾದರೆ ಆ ಅಕ್ಷರದ ನಂತರ 'ಐಓ' (IO) ಎಂದೂ, ಮಧ್ಯದ ಹೆಸರೇ ಇಲ್ಲದಿದ್ದರೆ 'ಎನ್‌ಎಂಎನ್' (NMN) ಎಂದೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಹೆಸರು ಗುರುತಿನ ಚೀಟಿಯಲ್ಲಿ ಇರುವಂತೆಯೇ ಇರಲಿ.

ಬಂದೂಕಿನ ನಿಜವಾದ ಕೊಳ್ಳುಗ ನೀವೇ ಹೌದೇ ಎಂಬ ಪ್ರಶ್ನೆಯನ್ನು ಓದಿ ಉತ್ತರಿಸಿ. ಎಚ್-1ಬಿಯ ಗೆಳೆಯ ದುಡ್ಡು ಕೊಟ್ಟಿದ್ದಾನೆ, ಹೆಸರು ಮಾತ್ರ ನನ್ನದು ಎಂದರೆ ಅದು ದೊಡ್ಡ ಅಪರಾಧ. 2022ರ ಕಾನೂನಿನಲ್ಲಿ ಇದಕ್ಕೆ 15 ವರ್ಷದವರೆಗೆ ಜೈಲಿದೆ. ಗಾಂಜಾ ಬಳಸುತ್ತೀರಾ ಎಂಬ ಪ್ರಶ್ನೆಯೂ ಹಾಗೆಯೇ: ನಿಮ್ಮ ರಾಜ್ಯದಲ್ಲಿ ಅದು ಸಕ್ರಮವಾದರೂ ಫೆಡರಲ್ ಫಾರಂನಲ್ಲಿ ಅಲ್ಲ.

ತಪಾಸಣೆಯ ಉತ್ತರ ಬಹಳ ಸಲ ನಿಮಿಷಗಳಲ್ಲೇ ಬರುತ್ತದೆ: ಮುಂದುವರಿ, ತಡ, ನಿರಾಕರಣೆ. 'ತಡ' ಎಂದು ಬಂದರೆ ಮೂರು ಕೆಲಸದ ದಿನಗಳ ನಂತರ ವ್ಯಾಪಾರಿ ಬಂದೂಕು ಕೊಡಲು ಫೆಡರಲ್ ಕಾನೂನು ಬಿಡುತ್ತದೆ, ಕೊಡಲೇಬೇಕೆಂದಿಲ್ಲ. 21 ತುಂಬದವರಿಗೆ ಇದು 10 ಕೆಲಸದ ದಿನಗಳವರೆಗೂ ಎಳೆಯಬಹುದು. ಹೆಸರು ಇನ್ನೊಬ್ಬರದನ್ನು ಹೋಲುವುದರಿಂದ ಪ್ರತಿ ಸಲವೂ ತಡವಾದರೆ, ಎಫ್‌ಬಿಐನ ಸ್ವಯಂಪ್ರೇರಿತ ಮೇಲ್ಮನವಿ ಕಡತಕ್ಕೆ (ವಾಲಂಟರಿ ಅಪೀಲ್ ಫೈಲ್) ಅರ್ಜಿ ಹಾಕಿ ಒಂದು ವೈಯಕ್ತಿಕ ಸಂಖ್ಯೆ ಪಡೆದುಕೊಳ್ಳಿ. ಮುಂದಿನ ಫಾರಂಗಳಲ್ಲಿ ಅದನ್ನು ಬರೆದರೆ ತೊಂದರೆ ತಪ್ಪುತ್ತದೆ. ನಿರಾಕರಣೆಯಾದರೆ ಬಂದೂಕು ವಾಪಸು ಹೋಗುವ ಖರ್ಚು ನಿಮ್ಮದು, ವರ್ಗಾವಣೆ ಶುಲ್ಕವೂ ಸಾಮಾನ್ಯವಾಗಿ ಮರಳುವುದಿಲ್ಲ. ಅಂಗಡಿಯದೇ ಮಾಲಾಗಿದ್ದರೆ ಅದು ಕಪಾಟಿಗೆ ಮರಳುತ್ತದೆ, ನೀವು ಬಹುಶಃ ದುಡ್ಡು ತೆಗೆದುಕೊಂಡು ಬರುತ್ತೀರಿ.

ಗುಂಡು, ಬಿಡಿಭಾಗ

ಇಲ್ಲಿ ಆನ್‌ಲೈನ್‌ಗೆ ನಿಜವಾದ ಲಾಭವಿದೆ. ಕಾನೂನಿನ ಕಣ್ಣಲ್ಲಿ ಬಂದೂಕು ಎಂದರೆ ಸರಣಿ ಸಂಖ್ಯೆ ಇರುವ ಫ್ರೇಮ್ ಅಥವಾ ರಿಸೀವರ್. ನಳಿಗೆ, ಹಿಂಬದಿ, ಗುರಿಕಾಣಿ, ಸ್ಪ್ರಿಂಗುಗಳು ಹೆಚ್ಚಿನ ರಾಜ್ಯಗಳಲ್ಲಿ ನೇರ ಮನೆಗೇ ಬರುತ್ತವೆ. ಗುಂಡಿಗೆ ಸಾಗಣೆ ಸೇರಿಸಿ, ಒಂದಕ್ಕೆ ಎಷ್ಟು ಸೆಂಟ್ ಬಿತ್ತು ಎಂದು ಭಾಗಿಸಿ ನೋಡಿ. ಒಂಬತ್ತು ಮಿಲಿಮೀಟರಿನ ಸಾವಿರ ಗುಂಡು ಸುಮಾರು 12 ಕಿಲೋ ತೂಗುತ್ತದೆ. ಹಾಗಾಗಿ ಸಾಗಣೆ ವೆಚ್ಚ ಸಾವಿರಕ್ಕೆ ಹಂಚಿದರೆ ಹಗುರ, ಐವತ್ತರ ಒಂದು ಡಬ್ಬಕ್ಕೆ ಭಾರ. ಸಣ್ಣ ಪ್ರಮಾಣವನ್ನು ಅಂಗಡಿಯಲ್ಲೇ ಕೊಳ್ಳಿ. ಹೊಸ ಪಿಸ್ತೂಲಿಗೆ ಮೊದಲೇ ಸಾವಿರ ತರಿಸಬೇಡಿ, ಎರಡು-ಮೂರು ಬಗೆಯ ಒಂದೊಂದು ಡಬ್ಬ ಹಾರಿಸಿ ಯಾವುದು ಸಿಕ್ಕಿಕೊಳ್ಳದೆ ಓಡುತ್ತದೆ ಎಂದು ನೋಡಿ ಆಮೇಲೆ ಮೊತ್ತವಾಗಿ ತರಿಸಿ. ಗುಂಡನ್ನು ವಾಪಸು ತೆಗೆದುಕೊಳ್ಳುವವರು ವಿರಳ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ ಗುಂಡಿಗೂ ತಪಾಸಣೆಯ ನಿಯಮಗಳಿವೆ, ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈನಿಂದ ಬಂದೂಕು-ಗುಂಡುಗಳ ಮೇಲೆ ಶೇ 11ರ ಹೆಚ್ಚುವರಿ ತೆರಿಗೆಯೂ ಇದೆ; ಆರ್ಡರಿಗೆ ಮುನ್ನ ನಿಮ್ಮ ರಾಜ್ಯದ ಇಂದಿನ ಸ್ಥಿತಿಯನ್ನು ಅಂಗಡಿಯವನನ್ನೇ ಕೇಳಿ.

ರೇಂಜಿಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಬಳಸಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸ್ಕ್ಯಾನರಿಗೆ ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು, ಅದು ಅಮೆರಿಕದಲ್ಲಿ ಕಾನೂನುಬದ್ಧವಾಗಿ ಕೊಂಡದ್ದೇ ಆಗಿದ್ದರೂ.