ಅಡ್ರೆಸ್ಸಿನ ಮುಂದಿನ ಸೊನ್ನೆ ಎಲ್ಲಿ ಹೋಯಿತು?

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯ ಮನೆಯಲ್ಲಿ ಕೂತು ಒಂದು ಸಣ್ಣ ಸ್ಮಾರ್ಟ್ ಕಾಂಟ್ರಾಕ್ಟ್, ಅಂದರೆ ಇಥೀರಿಯಂ ಎಂಬ ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ, ಬರೆಯುತ್ತಿದ್ದೆ. ಅಡಿಕೆಯ ಒಂದೊಂದು ಲಾಟಿಗೆ ಒಂದೊಂದು ಟೋಕನ್. ಬಗೆ ರಾಶಿಯೋ ಬೆಟ್ಟೆಯೋ ಸರಕೋ, ಎಷ್ಟು ಚೀಲ, ಯಾರದ್ದು ಎಂಬುದೆಲ್ಲ ಅದರ ವಿವರದಲ್ಲಿ ಅಕ್ಷರವಾಗಿ ಕಾಣಬೇಕು. ಎಲ್ಲ ಟೆಸ್ಟ್‌ನೆಟ್‌ನಲ್ಲಿ, ಅಂದರೆ ಅಸಲಿ ದುಡ್ಡಿಲ್ಲದ ಪ್ರಯೋಗದ ಜಾಲದಲ್ಲಿ ಮಾತ್ರ. ಅಪ್ಪಯ್ಯನ ಲೆಕ್ಕ ಇವತ್ತಿಗೂ ಚೀಟಿಯಲ್ಲೇ ಇದೆ.

‘ಯಾರದ್ದು’ ಎಂಬಲ್ಲಿ ಸಿಕ್ಕಿಬಿದ್ದೆ. ಇಥೀರಿಯಂ ಅಡ್ರೆಸ್ ಅಂದರೆ ಒಂದು ಖಾತೆಯ ಗುರುತು, ಬರೀ 20 ಬೈಟ್. ವ್ಯಾಲೆಟ್ (ಖಾತೆ ನೋಡಿಕೊಳ್ಳುವ ಆ್ಯಪ್) ತೋರಿಸುವ 42 ಅಕ್ಷರ ನಮ್ಮ ಕಣ್ಣಿಗಾಗಿ ಮಾಡಿದ್ದು: ಮುಂದೆ ‘0ಎಕ್ಸ್’, ಆಮೇಲೆ ಬೈಟಿಗೆ ಎರಡರಂತೆ 40. ಇದು ಗೊತ್ತಿದ್ದೂ ಮೊದಲು ಎನ್‌ಕೋಡ್‌ಪ್ಯಾಕ್ಡ್ ಮಾಡಿ, ಅಂದರೆ ಬೈಟ್‌ಗಳನ್ನು ಇದ್ದ ಹಾಗೇ ಜೋಡಿಸಿ, ಅದಕ್ಕೇ ಸ್ಟ್ರಿಂಗ್ (ಅಕ್ಷರಗಳ ಸಾಲು) ಅಂತ ಹೆಸರಿಟ್ಟೆ. ಕಂಪೈಲರ್ ಚಕಾರ ಎತ್ತಲಿಲ್ಲ. ಪರದೆ ಮೇಲೆ ಬಂದದ್ದು ಕಲಸುಮೇಲೋಗರ.

ಆಮೇಲೆ ಓಪನ್‌ಝೆಪ್ಪೆಲಿನ್ ಎಂಬ ಸಿದ್ಧ ಕೋಡಿನ ಸಂಗ್ರಹದಿಂದ, ಬೈಟನ್ನು ಅಕ್ಷರ ಮಾಡುವ ಟುಹೆಕ್ಸ್‌ಸ್ಟ್ರಿಂಗ್ ಫಂಕ್ಷನ್ ಹಿಡಿದೆ. ಅಡ್ರೆಸ್ಸನ್ನು ಯುಇಂಟ್160, ಅಲ್ಲಿಂದ ಯುಇಂಟ್256 ಎಂಬ ಬಗೆಯ ಸಂಖ್ಯೆ ಮಾಡಿ ಅದಕ್ಕೆ ಕೊಟ್ಟೆ. ಚೆನ್ನಾಗಿಯೇ ನಡೆಯಿತು. ಎರಡು ದಿನ ಕಳೆದ ಮೇಲೆ ಹೊಸನಗರದ ಭಾವ ಹೊಸ ವ್ಯಾಲೆಟ್ ಮಾಡಿಕೊಂಡು, ‘ನನ್ನ ಲಾಟೇ ಕಾಣ್ತಿಲ್ಲ ಮಾರಾಯ’ ಅಂತ ಫೋನ್ ಮಾಡಿದ. ಕರೆಂಟ್ ಬೇರೆ ಇರಲಿಲ್ಲ. ಲ್ಯಾಪ್‌ಟಾಪಿನ ಉಳಿದ ಚಾರ್ಜಿನಲ್ಲೇ ಹುಡುಕಿದೆ. ಅವನ ಸ್ಟ್ರಿಂಗಿನಲ್ಲಿ 40 ಅಕ್ಷರ ಮಾತ್ರ! ಅವನ ಅಡ್ರೆಸ್ ಶುರುವಾಗುವುದೇ ಎರಡು ಸೊನ್ನೆಯಿಂದ. ಚೀಲದ ಮೇಲೆ 0047 ಅಂತ ಬರೆದದ್ದನ್ನು ಲೆಕ್ಕದವರು 47 ಅಂತ ಬರೆದುಕೊಂಡ ಹಾಗೆ. ನಾನು ಸಂಖ್ಯೆ ಅಂತ ಕೊಟ್ಟೆ, ಟುಹೆಕ್ಸ್‌ಸ್ಟ್ರಿಂಗ್ ಮುಂದಿನ ಸೊನ್ನೆ ಬೈಟನ್ನು ಬಿಟ್ಟಿತು. ಅದರದ್ದೇನು ತಪ್ಪು, ಅಲ್ವಾ? ಸರಾಸರಿ 256 ಅಡ್ರೆಸ್ಸಿಗೆ ಒಂದು ಹೀಗೆ ಶುರುವಾಗುತ್ತದೆ. ನನ್ನ ಐದಾರು ಟೆಸ್ಟ್ ಅಕೌಂಟಿನಲ್ಲಿ ಅದು ಬರಲೇ ಇಲ್ಲ.

ರಿಪೇರಿ ಒಂದೇ ಸಾಲು. ಸಂಖ್ಯೆ ಮಾಡುವ ಗೋಜಿಗೆ ಹೋಗದೆ ಅಡ್ರೆಸ್ಸನ್ನೇ ನೇರ ಕೊಟ್ಟೆ. ಆಗ ಫಂಕ್ಷನ್ ತಾನೇ 20 ಬೈಟ್ ಅಂತ ಉದ್ದ ಹಿಡಿದು ಸೊನ್ನೆ ತುಂಬುತ್ತದೆ. ಸಂಖ್ಯೆಯೇ ಕೊಡುವುದಾದರೆ ಜೊತೆಗೆ 20 ಅಂತ ಉದ್ದವನ್ನೂ ಕೊಡಬೇಕು.

ಅಷ್ಟಾದರೂ ಭಾವನ ಲಾಟು ಕಾಣಲಿಲ್ಲ. ವ್ಯಾಲೆಟ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೆರೆತಿರುತ್ತವೆ. ಅದು ಟೈಪಿನ ತಪ್ಪು ಹಿಡಿಯಲೆಂದು ಮಾಡಿದ 2016ರ ಇಐಪಿ-55 ಚೆಕ್‌ಸಮ್. ಟುಹೆಕ್ಸ್‌ಸ್ಟ್ರಿಂಗ್ ಕೊಡುವುದು ಬರೀ ಸಣ್ಣಕ್ಷರ. ಆ ಸ್ಟ್ರಿಂಗನ್ನು ಹೋಲಿಸುತ್ತಿದ್ದುದು ಮಾಲೀಕರ ಪಟ್ಟಿಯ ಜೊತೆ. ಉಳಿದವರ ಅಡ್ರೆಸ್ಸನ್ನು ಆ ಪಟ್ಟಿಗೆ ಸಣ್ಣಕ್ಷರದಲ್ಲಿ ಟೈಪ್ ಮಾಡಿದ್ದವನು ನಾನೇ. ಭಾವ ಮಾತ್ರ ವ್ಯಾಲೆಟ್‌ನಿಂದ ಕಾಪಿ ಮಾಡಿ ಹಾಕಿದ್ದ. ಎರಡನ್ನೂ ಸಣ್ಣಕ್ಷರ ಮಾಡಿಯೇ ಹೋಲಿಸುವ ಹಾಗೆ ಬದಲಿಸಿದೆ.

ಈಗ ಕಾಂಟ್ರಾಕ್ಟಿನೊಳಗೆ ಅಡ್ರೆಸ್ ಅಡ್ರೆಸ್ಸಾಗಿಯೇ ಉಳಿದಿದೆ. 42 ಅಕ್ಷರದ ಸ್ಟ್ರಿಂಗ್ ಇಟ್ಟರೆ ಸುಮ್ನೆ ಗ್ಯಾಸ್ (ಬ್ಲಾಕ್‌ಚೈನಿಗೆ ಕೊಡುವ ಶುಲ್ಕ) ಜಾಸ್ತಿ. ಹೊರಗಿನಿಂದ ಯಾರಾದರೂ ವಿವರ ಕೇಳಿದಾಗ ಮಾತ್ರ ವ್ಯೂ ಫಂಕ್ಷನ್ (ಏನನ್ನೂ ಬದಲಿಸದೆ ಬರೀ ಓದಿ ಹೇಳುವಂಥದ್ದು) ಅದನ್ನು ಅಕ್ಷರ ಮಾಡಿ ಕೊಡುತ್ತದೆ. ಟೆಸ್ಟ್ ಪಟ್ಟಿಯಲ್ಲಿ ಭಾವನ ಅಡ್ರೆಸ್ಸೇ ಮೊದಲನೆಯದು.