ಸಿಗಡಿ ಚಿಪ್ಪಿನ ಪೊರೆಯಲ್ಲಿ ಕಿಣ್ವ ಕೂರಿಸುವುದು ಹೇಗೆ?

ಗ್ಲೂಕೋಸ್ ಆಕ್ಸಿಡೇಸ್ ಕಿಣ್ವವು ಆಮ್ಲಜನಕ ಬಳಸಿ ಗ್ಲೂಕೋಸಿನಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಗ್ಲೂಕೋಸ್ ಸೆನ್ಸರ್ ಅಳೆಯುವುದು ಈ ಪೆರಾಕ್ಸೈಡನ್ನು. ಆದರೆ ಎಲೆಕ್ಟ್ರೋಡ್ ಮೇಲೆ ಬರೀ ಕಿಣ್ವ ಹಚ್ಚಿದರೆ ಬಫರಿಗೆ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಇಳಿಸಿದ ಕೂಡಲೇ ತೊಳೆದುಹೋಗುತ್ತದೆ. ಅದನ್ನು ಹಿಡಿದಿಡಲು ಸಿಗಡಿ, ಏಡಿ ಚಿಪ್ಪಿನಿಂದ ತಯಾರಾಗುವ ಕೈಟೋಸಾನ್ ಅಗ್ಗದ, ಒಳ್ಳೆಯ ದಾರಿ.

ಎಲೆಕ್ಟ್ರೋಡಿಗೆ ಪ್ರಶ್ಯನ್ ಬ್ಲೂ (ಕಡಿಮೆ ವೋಲ್ಟ್‌ನಲ್ಲೇ ಪೆರಾಕ್ಸೈಡ್ ಗುರುತಿಸುವ ನೀಲಿ ವರ್ಣದ್ರವ್ಯ) ಬೆರೆತ, 4 ಮಿ.ಮೀ. ವ್ಯಾಸದ ಸ್ಕ್ರೀನ್ ಪ್ರಿಂಟೆಡ್ ಕಾರ್ಬನ್ ಸಾಕು. ಪ್ಲಾಟಿನಂ ಆದರೆ 0.6–0.7 ವೋಲ್ಟ್ ಕೊಡಬೇಕು; ಅಷ್ಟಕ್ಕೆ ವಿಟಮಿನ್ ಸಿ, ಯೂರಿಕ್ ಆಮ್ಲಗಳೂ ಕರೆಂಟ್ ಕೊಟ್ಟು ಲೆಕ್ಕ ಕೆಡಿಸುತ್ತವೆ.

ಮೊದಲು 0.1 ಗ್ರಾಂ ಕೈಟೋಸಾನನ್ನು ಶೇ 1ರ 10 ಮಿ.ಲೀ. ಅಸಿಟಿಕ್ ಆಮ್ಲದಲ್ಲಿ ರಾತ್ರಿಯಿಡೀ ತಿರುಗಿಸಿ ಕರಗಿಸಿ. ಕರಗದೆ ಉಳಿದದ್ದನ್ನು ಸೆಂಟ್ರಿಫ್ಯೂಜ್ ಮಾಡಿ ತೆಗೆಯಿರಿ. ಈ ದ್ರಾವಣ ಕಿಣ್ವಕ್ಕೆ ಹುಳಿ ಜಾಸ್ತಿ. ದುರ್ಬಲ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬಿಟ್ಟು ಪಿಎಚ್ 5.5ಕ್ಕೆ ತನ್ನಿ. ಅವಸರ ಮಾಡಿದರೆ ಹನಿ ಬಿದ್ದಲ್ಲೇ ಬಿಳಿ ಎಳೆಗಳು ಕಾಣುತ್ತವೆ: ಪಿಎಚ್ 6.3ರ ಆಸುಪಾಸು ದಾಟಿದರೆ ಕೈಟೋಸಾನ್ ಗರಣೆಗಟ್ಟುತ್ತದೆ.

ಇನ್ನು ಕಿಣ್ವ. ಪಿಎಚ್ 5.5ರ ತಣ್ಣನೆಯ ಅಸಿಟೇಟ್ ಬಫರಿನಲ್ಲಿ ಮಿ.ಲೀ.ಗೆ 10 ಮಿ.ಗ್ರಾಂ ಕರಗಿಸಿ, ಕೈಟೋಸಾನಿನೊಂದಿಗೆ ಸಮಸಮ ಬೆರೆಸಿ. ಈ ಪಿಎಚ್‌ನಲ್ಲಿ ಕಿಣ್ವದ್ದು ಋಣ ವಿದ್ಯುದಂಶ, ಕೈಟೋಸಾನಿನದು ಧನ. ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಜೋರಾಗಿ ಕುಲುಕಬೇಡಿ, ನೊರೆ ಎದ್ದರೆ ಕಿಣ್ವ ಕೆಡುತ್ತದೆ. ನಳಿಕೆಯನ್ನು ಮೆಲ್ಲಗೆ ತಲೆಕೆಳಗು ಮಾಡಿದರೆ ಸಾಕು.

ಮಿಶ್ರಣದ 5 ಮೈಕ್ರೋಲೀಟರನ್ನು ಎಲೆಕ್ಟ್ರೋಡಿನ ನಡುವೆ ಬಿಟ್ಟು, ಮುಚ್ಚಿದ ಡಬ್ಬಿಯಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ಫ್ಯಾನ್ ಗಾಳಿಗೆ ಒಡ್ಡಿದರೆ ಚೆಲ್ಲಿದ ಕಾಫಿಯ ಕಲೆಯಂತೆ ಕಿಣ್ವವೆಲ್ಲ ಅಂಚಿಗೆ ಸರಿದು, ನಡುವೆ ಬೋಳಾಗುತ್ತದೆ.

ಬಹುಪಾಲು ಸೆನ್ಸರ್‌ಗಳು ಹಾಳಾಗುವುದು ಮುಂದಿನ ಹಂತದಲ್ಲಿ. ಒಣಗಿದ ಪೊರೆಗೆ ಪಿಪೆಟ್ ತುದಿ ತಾಗಿಸದೆ ಕಿಣ್ವವನ್ನೂ ಕೈಟೋಸಾನನ್ನೂ ಬೆಸೆಯುವ ಶೇ 0.25ರ ಗ್ಲುಟರಾಲ್ಡಿಹೈಡ್ 3 ಮೈಕ್ರೋಲೀಟರ್ ಬಿಡಿ. ಫ್ಯೂಮ್ ಹುಡ್, ಕೈಗವಸು ಕಡ್ಡಾಯ. ಹದಿನೈದು ನಿಮಿಷದ ಬಳಿಕ ಬಫರಿನಲ್ಲಿ ತೊಳೆದು, ಉಳಿದ ಆಲ್ಡಿಹೈಡನ್ನು 0.1 ಮೋಲಾರ್ ಗ್ಲೈಸಿನ್‌ನಿಂದ ಮುಗಿಸಿ. ಗ್ಲುಟರಾಲ್ಡಿಹೈಡ್ ಹೆಚ್ಚಾದರೆ ಪೊರೆ ಗಟ್ಟಿಯಾಗಿ ಹಳದಿಗೆ ತಿರುಗುತ್ತದೆ, ಕಿಣ್ವವೂ ಸಾಯುತ್ತದೆ. ಕಡಿಮೆಯಾದರೆ ಕಿಣ್ವ ಸೋರುತ್ತದೆ. ಎಷ್ಟು ಸರಿ ಎನ್ನುವುದನ್ನು ಶೇ 0.1, 0.25, 0.5 ಹೀಗೆ ನಾಲ್ಕಾರು ಎಲೆಕ್ಟ್ರೋಡಿನಲ್ಲಿ ನೋಡಿಯೇ ತೀರ್ಮಾನಿಸಬೇಕು.

ಅಳತೆಗೆ ಪೊಟ್ಯಾಸಿಯಂ ಫಾಸ್ಫೇಟ್ ಬಫರ್, ಜೊತೆಗೆ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಬಳಸಿ. ಸೋಡಿಯಂ ಬೇಡ, ಪ್ರಶ್ಯನ್ ಬ್ಲೂಗೆ ಬೇಕಾದದ್ದು ಪೊಟ್ಯಾಸಿಯಂ. ಪಿಎಚ್ 7 ಮೀರಕೂಡದು, ಕ್ಷಾರದಲ್ಲಿ ಅದು ಕರಗುತ್ತದೆ. −0.05 ವೋಲ್ಟ್ ಕೊಟ್ಟು ಕರೆಂಟ್ ಒಂದೇ ಮಟ್ಟಕ್ಕೆ ಬಂದು ನಿಲ್ಲುವವರೆಗೆ ಕಾಯಿರಿ. ನಂತರ 10 ಮಿ.ಲೀ. ಬಫರಿಗೆ 1 ಮೋಲಾರ್ ಗ್ಲೂಕೋಸ್ 10 ಮೈಕ್ರೋಲೀಟರ್ ಹಾಕಿದಾಗಲೆಲ್ಲ ಸಾಂದ್ರತೆ ಸುಮಾರು 1 ಮಿಲಿಮೋಲಾರ್ ಏರುತ್ತದೆ. ಗ್ಲೂಕೋಸ್ ದ್ರಾವಣವನ್ನು ಹಿಂದಿನ ದಿನವೇ ಮಾಡಿಡಿ. ಈ ಕಿಣ್ವ ಗ್ಲೂಕೋಸಿನ ಆಲ್ಫಾ, ಬೀಟಾ ರೂಪಗಳಲ್ಲಿ ಬೀಟಾವನ್ನು ಮಾತ್ರ ಒಪ್ಪುತ್ತದೆ, ಆಲ್ಫಾ–ಬೀಟಾ ಸಮತೋಲನಕ್ಕೆ ಬರಲು ಹೊತ್ತು ಹಿಡಿಯುತ್ತದೆ.

ಸೋರಿಕೆ ಪತ್ತೆ ಸುಲಭ. ಸೆನ್ಸರ್ ಹೊರತೆಗೆದು, ಅದೇ ಬಫರಿಗೆ ಕಿಣ್ವವಿಲ್ಲದ ಎಲೆಕ್ಟ್ರೋಡ್ ಇಳಿಸಿ. ಕರೆಂಟ್ ನಿಧಾನವಾಗಿ ಏರುತ್ತಲೇ ಹೋದರೆ ಕಿಣ್ವ ದ್ರಾವಣದಲ್ಲಿದೆ ಎಂದರ್ಥ. ಸೋರಿಕೆಯಿಲ್ಲದೆಯೂ ಸಿಗ್ನಲ್ ಸಣ್ಣದಿದ್ದರೆ ಕಿಣ್ವ ದುಪ್ಪಟ್ಟು ಮಾಡಿ ನೋಡಿ. ಆಗಲೂ ಏರದಿದ್ದರೆ ಪೊರೆ ದಪ್ಪವಾಗಿರುವ ಸಾಧ್ಯತೆಯೇ ಹೆಚ್ಚು, ಕೈಟೋಸಾನನ್ನು ಅರ್ಧಕ್ಕೆ ಇಳಿಸಿ. ಕೈಟೋಸಾನ್ ಬದಲಿಗೆ ಆಲ್ಜಿನೇಟ್ (ಕ್ಯಾಲ್ಸಿಯಂನಿಂದ ಜೆಲ್ ಆಗುವ ಕಡಲಪಾಚಿಯ ಪದಾರ್ಥ) ಹಿಡಿಯುವವರು ಮಾತ್ರ ಫಾಸ್ಫೇಟ್ ಬಫರನ್ನು ಕೈಬಿಡಬೇಕು, ಅದು ಕ್ಯಾಲ್ಸಿಯಂ ಕಿತ್ತುಕೊಂಡು ಜೆಲ್ಲನ್ನೇ ಬಿಡಿಸಿಬಿಡುತ್ತದೆ.